ಹತ್ತಡಿಗೆ ಹತ್ತಡಿ

ನಮ್ಮ ಸುಳ್ಯದ ಕಡೆ ಬೆಳಗಿನ ಜಾವದ ಬಸ್ಸಿನಲ್ಲಿ ಹೋದವರು, ತಲೆಗೆ ಟಾರ್ಚು ಕಟ್ಟಿಕೊಂಡು ರಬ್ಬರ್ ಮರದಿಂದ ಮರಕ್ಕೆ ಓಡಾಡುವವರನ್ನು ನೋಡಿರಬಹುದು. ಅವರಲ್ಲಿ ಬಹಳ ಜನರನ್ನು ಊರಿನವರು ಇವತ್ತಿಗೂ 'ಸಿಲೋನಿನವರು' ಎಂದೇ ಕರೆಯುತ್ತಾರೆ. ಬಂದು ಐವತ್ತು ವರ್ಷವಾಯಿತು. ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತರು, ಮೊಮ್ಮಕ್ಕಳು ತುಳುವಿನಲ್ಲಿ ಜಗಳವಾಡುತ್ತಾರೆ. ಹೆಸರು ಮಾತ್ರ ಬದಲಾಗಲಿಲ್ಲ. ನಾನು ಆ ಕಡೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಮಾಷ್ಟ್ರಾಗಿದ್ದವನು. ಆ ಮಕ್ಕಳ ಹಾಜರಿ ಕರೆದವನು. ಅವರ ಅಪ್ಪ ಅಮ್ಮಂದಿರು ಎಲ್ಲಿಂದ, ಹೇಗೆ ಬಂದರು ಎಂದು ಕೇಳುವ ವ್ಯವಧಾನ ನನಗೂ ನಿವೃತ್ತಿಯ ತನಕ ಬಂದಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅವರಲ್ಲಿ ಒಬ್ಬರು ನನಗಿಂತ ಏಳೆಂಟು ವರ್ಷ ಹಿರಿಯರು. ನಾನು ಅವರನ್ನು ಅಣ್ಣ ಎನ್ನುತ್ತೇನೆ, ಅವರು ನನ್ನನ್ನು ಮಾಷ್ಟ್ರೇ ಎನ್ನುತ್ತಾರೆ. ಲಂಕೆಯ ಹಟ್ಟನ್ ಕಡೆಯ ಚಹಾ ತೋಟದಲ್ಲಿ ಹುಟ್ಟಿದವರು. 1948ರಲ್ಲಿ ಅಲ್ಲಿನ ಸರ್ಕಾರ ಪೌರತ್ವದ ಕಾಯಿದೆ ಮಾಡಿ, ಮೂರು ತಲೆಮಾರು ಚಹಾ ಕೊಯ್ದವರನ್ನೆಲ್ಲ ಒಂದೇ ಏಟಿಗೆ ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಕುಳಿತು ಆ 9,75,000 ಜನರನ್ನು ಪಾಲು ಮಾಡಿಕೊಂಡರು: 5,25,000 ಭಾರತಕ್ಕೆ, 3,00,000 ಲಂಕೆಗೆ. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಅರ್ಧರ್ಧ ಹಂಚಿಕೊಂಡರು. ಅಣ್ಣನ ತಂದೆ ಭಾರತಕ್ಕೆ ಅರ್ಜಿ ಹಾಕಿದರು. ಅಕ್ಕನಿಗೆ ಅಷ್ಟು ಹೊತ್ತಿಗೆ ಮದುವೆಯಾಗಿತ್ತು, ಗಂಡನ ಮನೆಯವರು ಲಂಕೆಗೆ ಅರ್ಜಿ ಹಾಕಿದರು. ಹೀಗೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎರಡು ಕಡತಗಳಿಗೆ ಸೇರಿದರು.

ತಮ್ಮ ತಲೈಮನ್ನಾರಿನಿಂದ 'ರಾಮಾನುಜಂ' ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದರು. ಕೈಯಲ್ಲಿ ಕಾಗದಪತ್ರವಿತ್ತು, ಮಂಡಪಂ ಶಿಬಿರದಲ್ಲಿ ಕೆಲವು ದಿನ, ಆಮೇಲೆ ಒಂದು ಕೆಲಸ, ಒಂದು ವಸತಿ. ಹೀಗೆ ಬಂದವರಿಗೆಂದೇ ಸುಳ್ಯ ಪುತ್ತೂರಿನ ಕಡೆ ಸರ್ಕಾರ ರಬ್ಬರ್ ತೋಟ ಎಬ್ಬಿಸಿತ್ತು. ಅಕ್ಕ ಬಂದದ್ದು 1990ರಲ್ಲಿ. 1977ರ ಗಲಭೆಯಲ್ಲಿ ಅವರ ಮನೆಯವರನ್ನು ಚಹಾ ತೋಟದಿಂದ ಓಡಿಸಿದ್ದರು. ವವುನಿಯಾದ ಕಡೆ ಹೋಗಿ ಹೊಸದಾಗಿ ಗುಡಿಸಲು ಹಾಕಿಕೊಂಡಿದ್ದರು. 1990ರ ಜೂನ್‌ನಲ್ಲಿ ಯುದ್ಧ ಮತ್ತೆ ಹೊತ್ತಿದಾಗ ಮನ್ನಾರಿನ ಕರಾವಳಿಯಿಂದ ರಾತ್ರಿ ದೋಣಿ ಹತ್ತಿದರು. ಮೂವತ್ತು ಕಿಲೋಮೀಟರಿನ ಸಮುದ್ರ. ಒಡವೆಯೆಲ್ಲ ದೋಣಿಯವನಿಗೆ ಹೋಯಿತು. ಧನುಷ್ಕೋಡಿಯ ಮರಳಿನಲ್ಲಿ ಬೆಳಗಾಯಿತು. ತಮ್ಮ ಇಳಿದ ಅದೇ ಮಂಡಪಂ ಶಿಬಿರಕ್ಕೆ ಅಕ್ಕನೂ ಬಂದರು. ಅಲ್ಲಿಂದ ಲಾರಿಯಲ್ಲಿ ಒಳನಾಡಿನ ಇನ್ನೊಂದು ಶಿಬಿರಕ್ಕೆ ಸಾಗಿಸಿದರು. ಆಗ ಅಧಿಕಾರಿಗಳು ಹೇಳಿದ್ದು ಒಂದೇ ಮಾತಂತೆ: 'ಸದ್ಯಕ್ಕೆ ಇಲ್ಲಿರಿ.'

ಆ 'ಸದ್ಯಕ್ಕೆ' ಎಷ್ಟು ದೊಡ್ಡದು ಎಂದು ನೋಡಲು 2023ರ ಬೇಸಿಗೆಯಲ್ಲಿ ನಾನೂ ಅಣ್ಣನ ಜೊತೆ ಹೋದೆ. ಶಿಬಿರದ ಹೆಸರು ಬೇಡ. ನಾನು ಸಂಬಂಧಿಯಲ್ಲವಾದ್ದರಿಂದ ಒಳಗೆ ಬಿಡಲಿಲ್ಲ. ಹೊರಗಿನ ಚಹಾದ ಅಂಗಡಿಯ ಬೆಂಚಿನಲ್ಲಿ ಕುಳಿತೆ. ಅಕ್ಕನೇ ಮೊಮ್ಮಗಳ ಕೈ ಹಿಡಿದುಕೊಂಡು ಹೊರಗೆ ಬಂದರು. ಮೊಮ್ಮಗಳು ಬಿ.ಕಾಂ. ಓದುತ್ತಿದ್ದಳು, ಹುಟ್ಟಿದ್ದು ಇದೇ ಶಿಬಿರದಲ್ಲಿ. ಮನೆ ಹೇಗಿದೆ ಎಂದು ಕೇಳಿದೆ. ಕೇಳಬಾರದಿತ್ತೋ ಏನೋ. ಅಕ್ಕ ಬೆಂಚಿನ ಮೇಲೆ ಬೆರಳಿನಿಂದ ಒಂದು ಚೌಕ ಎಳೆದು ತೋರಿಸಿದರು. ಹತ್ತಡಿಗೆ ಹತ್ತಡಿ. 'ಐದು ಚಾಪೆ ಹಾಸಿದರೆ ಬಾಗಿಲು ತೆರೆಯುವುದಿಲ್ಲ ಐಯಾ' ಎಂದರು. ಅಣ್ಣ ನನಗೆ ಅದನ್ನು ಕನ್ನಡದಲ್ಲಿ ಹೇಳಿ, ತಾವಾಗಿ ಒಂದು ಮಾತು ಸೇರಿಸಿದರು: 'ದೊರೆಗಳ ಕಾಲದಲ್ಲಿ ತೋಟದ ಲೈನ್ ಮನೆ ಹತ್ತಕ್ಕೆ ಹನ್ನೆರಡು ಇತ್ತು ಮಾಷ್ಟ್ರೇ. ಸಮುದ್ರ ದಾಟುವಾಗ ಎರಡಡಿ ನೀರಿಗೆ ಬಿತ್ತು.'

ನಾನು ಗಣಿತ ಪಾಠ ಮಾಡಿದವನು, ಲೆಕ್ಕ ಬಿಟ್ಟರೆ ನಿದ್ದೆ ಬರುವುದಿಲ್ಲ. ಒಂದು ಚಾಪೆ ಆರಡಿಗೆ ಮೂರಡಿ, ಅಂದರೆ 18 ಚದರಡಿ. ಐದು ಚಾಪೆಗೆ 90. ಕೋಣೆ 100. ಉಳಿಯುವ ಹತ್ತು ಚದರಡಿಯಲ್ಲಿ ಒಲೆ, ನೀರಿನ ಕೊಡ, ಬಟ್ಟೆಯ ಪೆಟ್ಟಿಗೆ, ಮೊಮ್ಮಗಳ ಪುಸ್ತಕ, ಗೋಡೆಯ ದೇವರು. ಮಗನಿಗೆ ಮದುವೆಯಾದಾಗ ಏನು ಮಾಡಿದಿರಿ ಎಂದು ನಾನು ಕೇಳಲಿಲ್ಲ. ನಡುವೆ ಸೀರೆ ಕಟ್ಟಿದ ಕಥೆ ಅಂಥ ಶಿಬಿರಗಳಲ್ಲೆಲ್ಲ ಒಂದೇ. ಭೂಕಂಪ, ಪ್ರವಾಹವಾದಾಗ ಹಾಕುವ ತುರ್ತು ಡೇರೆಗಳಿಗೆ ಕೂಡ ಪರಿಹಾರ ಸಂಸ್ಥೆಗಳು ಒಪ್ಪಿಕೊಂಡ ಒಂದು ಅಂತಾರಾಷ್ಟ್ರೀಯ ಕನಿಷ್ಠ ಅಳತೆಯಿದೆ, ತಲೆಗೆ ಮೂರೂವರೆ ಚದರ ಮೀಟರು. ಐದು ಜನರಿಗೆ 188 ಚದರಡಿ. ತುರ್ತು ಡೇರೆಗೆ ಬೇಕಾದದ್ದರಲ್ಲಿ ಅರ್ಧದಷ್ಟು ಜಾಗದಲ್ಲಿ ಒಂದು ಸಂಸಾರ ಮೂವತ್ತಮೂರು ವರ್ಷ ಕಳೆದಿತ್ತು.

ಇದಕ್ಕೆ ಬಡತನ ಕಾರಣ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನೂರು ಚದರಡಿಯ ಬದಲು ಇನ್ನೂರು ಕಟ್ಟಿದ್ದರೆ ಯಾವ ಖಜಾನೆಯೂ ಮುಳುಗುತ್ತಿರಲಿಲ್ಲ. ಇದು ಒಂದು ಯೋಜನೆ. 'ನೀವು ಹೋಗುವವರು' ಎಂಬ ನಂಬಿಕೆಯ ಮೇಲೆ ಕಟ್ಟಿದ ಯೋಜನೆ. ಹೋಗುವವನಿಗೆ ಕಿಟಕಿ ಯಾಕೆ, ಹೋಗುವವನ ಮಗನಿಗೆ ಮದುವೆಯಾದರೆ ನಮಗೇನು, ಹೋಗುವವನ ಸೂರು ಮೂರು ಮಳೆಗಾಲ ತಡೆದರೆ ಸಾಲದೆ? ಹೀಗೆ ಯೋಚಿಸಿ ಡಾಂಬರು ಶೀಟು ಹೊದೆಸಿದರು. ಕೆಲವರನ್ನು ಗೋದಾಮುಗಳಲ್ಲಿ, ಇನ್ನು ಕೆಲವರನ್ನು ಚಂಡಮಾರುತದ ಆಶ್ರಯ ಕಟ್ಟಡಗಳಲ್ಲಿ ತುಂಬಿದರು. ಆಮೇಲೆ ಕಾಲ ಕಳೆಯಿತು, ಯೋಜನೆ ಮಾತ್ರ ಅಲ್ಲೇ ನಿಂತಿತು.

ಮಂಡಪಂ ಶಿಬಿರದ ಚರಿತ್ರೆ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆ ಜಾಗವನ್ನು ಕಟ್ಟಿದ್ದು ನಿರಾಶ್ರಿತರಿಗಾಗಿ ಅಲ್ಲ. ಬ್ರಿಟಿಷರ ಕಾಲದಲ್ಲಿ ಸಿಲೋನಿನ ತೋಟಗಳಿಗೆ ಕೂಲಿಗಳನ್ನು ಸಾಗಿಸುವ ಮೊದಲು, ಕಾಲರಾ ಸಿಡುಬು ಇದೆಯೋ ಎಂದು ಕೆಲವು ದಿನ ಕೂಡಿಹಾಕಿ ನೋಡುವುದಕ್ಕೆ ಮಾಡಿದ ಶಿಬಿರ ಅದು. ಹೋಗುವಾಗ ರೋಗದ ಸಂಶಯದಿಂದ ಯಾರ ತಾತನನ್ನು ಅಲ್ಲಿ ನಿಲ್ಲಿಸಿದ್ದರೋ, ಬರುವಾಗ ಬೇರೆ ಸಂಶಯದಿಂದ ಅವರ ಮೊಮ್ಮಕ್ಕಳನ್ನು ಅಲ್ಲೇ ನಿಲ್ಲಿಸಿದರು. ಕಟ್ಟಡವನ್ನು ಪಡೆದುಕೊಂಡ ಸ್ವತಂತ್ರ ಭಾರತ ಅದರೊಳಗಿನ ಬುದ್ಧಿಯನ್ನೂ ಪಡೆದುಕೊಂಡಿತು.

1983ರ ಜುಲೈಯಲ್ಲಿ ಕೊಲಂಬೊ ಹೊತ್ತಿ ಉರಿದ ಮೇಲೆ ಬರತೊಡಗಿದ ದೋಣಿಗಳು 2010ರ ತನಕ ಅಲೆ ಅಲೆಯಾಗಿ ಬಂದವು. ತಮಿಳುನಾಡಿನ ದಡಕ್ಕೆ ಬಂದವರು ಒಟ್ಟು ಮೂರು ಲಕ್ಷಕ್ಕೂ ಹೆಚ್ಚು. ಎಷ್ಟೋ ಜನ ಹಿಂತಿರುಗಿದರು, ಕೆಲವರು ಬೇರೆ ದೇಶ ಸೇರಿದರು. ಆದರೂ 2021ರ ಹೊತ್ತಿಗೆ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿ ಐವತ್ತೆಂಟು ಸಾವಿರದಷ್ಟು ಜನ ಉಳಿದಿದ್ದರು. ನಿರಾಶ್ರಿತರಾಗಿ ಬಂದವರಲ್ಲಿ ದೊಡ್ಡದೊಂದು ಪಾಲು ಉಳಿಯುತ್ತದೆ ಎಂಬುದು ಲೋಕದ ಅನುಭವ. ನಮ್ಮ ಸರ್ಕಾರಗಳಿಗೂ ಇದು ಗೊತ್ತಿಲ್ಲದ್ದೇನಲ್ಲ. ಗೊತ್ತಿದೆ ಎನ್ನುವುದಕ್ಕೆ ಸಾಕ್ಷಿ ನಮ್ಮ ಕರ್ನಾಟಕದಲ್ಲೇ ಇದೆ.

ಸುಳ್ಯದಿಂದ ಮಡಿಕೇರಿ, ಕುಶಾಲನಗರ ದಾಟಿ ಹೋದರೆ ಬೈಲುಕುಪ್ಪೆ. 1959ರಲ್ಲಿ ದಲಾಯಿ ಲಾಮಾ ಗಡಿ ದಾಟಿ ಬಂದರು. ಮರುವರ್ಷವೇ ಅಂದಿನ ಮೈಸೂರು ಸರ್ಕಾರ ಅಲ್ಲಿ ಸುಮಾರು 3,000 ಎಕರೆ ಜಮೀನನ್ನು ಟಿಬೆಟಿಯನರಿಗೆ ತೆಗೆದಿಟ್ಟಿತು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ ಹೀಗೆ ಐದು ವಸಾಹತುಗಳಾದವು. ಹೊಲ ಕೊಟ್ಟರು, ಶಾಲೆಯಾಯಿತು, ಸಹಕಾರ ಸಂಘವಾಯಿತು, ಮಠಗಳೆದ್ದವು. ಮೊದಮೊದಲು ಬಿದಿರಿನ ಗುಡಿಸಲಿನಲ್ಲಿ ಅವರೂ ಕಷ್ಟಪಟ್ಟರು, ಕಾಡು ಕಡಿಯುತ್ತ ಕಾಯಿಲೆಯಿಂದ ಸತ್ತರು. ಭೂಮಿ ಗೇಣಿಯದು, ಬಹಳ ಜನರಿಗೆ ಇವತ್ತಿಗೂ ಪೌರತ್ವವಿಲ್ಲ. ಅದನ್ನೆಲ್ಲ ಮರೆಯಬಾರದು. ಆದರೆ ಆ ಯೋಜನೆಯನ್ನು ಮಾಡಿದವರು 'ಇವರು ನಾಳೆ ಹೋಗುತ್ತಾರೆ' ಎಂದು ಮಾಡಲಿಲ್ಲ. ಇವರಿಗೆ ಮಕ್ಕಳಾಗುತ್ತವೆ, ಅವು ಶಾಲೆಗೆ ಹೋಗುತ್ತವೆ, ಮುದುಕರು ಸಾಯುತ್ತಾರೆ ಎಂದು ತಿಳಿದು ಮಾಡಿದರು. ದೇಶ ಆಗ ಈಗಿಗಿಂತ ಎಷ್ಟೋ ಪಾಲು ಬಡದೇಶ. ಪರ್ವತ ದಾಟಿ ಬಂದವರಿಗೆ ಹೊಲ ಕೊಟ್ಟ ಅದೇ ಭಾರತ, ಸಮುದ್ರ ದಾಟಿ ಬಂದವರಿಗೆ ಐದು ಚಾಪೆಯ ಜಾಗ ಕೊಟ್ಟಿತು. ಟಿಬೆಟಿಯನರಿಗೆ ಕೊಟ್ಟದ್ದು ಹೆಚ್ಚಾಯಿತು ಎಂದು ನಾನು ಹೇಳುತ್ತಿಲ್ಲ. ಅದನ್ನೇ ಅಳತೆಗೋಲು ಮಾಡಿ ಎನ್ನುತ್ತಿದ್ದೇನೆ.

ಈ ಮಾತು ಆಡಿದಾಗಲೆಲ್ಲ ನನ್ನ ಸ್ನೇಹಿತರು ಮೂರು ಆಕ್ಷೇಪ ಎತ್ತುತ್ತಾರೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ಒಳ್ಳೆ ಮನೆ ಕೊಟ್ಟರೆ ಇನ್ನಷ್ಟು ಜನ ಬರುತ್ತಾರೆ ಎಂಬುದು. ದೋಣಿಗಳು ಬಂದ ವರ್ಷಗಳನ್ನು ಬರೆದು ನೋಡಿ: 1983, 1990, 1996, 2006. ಪ್ರತಿಯೊಂದೂ ಲಂಕೆಯಲ್ಲಿ ಯುದ್ಧ ಶುರುವಾದ ಅಥವಾ ಉಲ್ಬಣಿಸಿದ ಕಾಲ. ಆ ಯಾವ ವರ್ಷದಲ್ಲೂ ನಮ್ಮ ಶಿಬಿರದ ಕೋಣೆ ಒಂದಡಿ ಅಗಲವಾಗಿರಲಿಲ್ಲ. 2022ರ ಮಾರ್ಚ್‌ನಲ್ಲಿ ಮತ್ತೆ ಕೆಲವರು ಬಂದರು, ಅರಿಚಲ್‌ಮುನೈ ಬಳಿಯ ಮರಳು ದಿಣ್ಣೆಯ ಮೇಲೆ ದೋಣಿಯವರು ಇಳಿಸಿ ಹೋದರು, ಕರಾವಳಿ ಕಾವಲು ಪಡೆಯವರು ಹೋಗಿ ಕರೆತಂದರು. ಆಗ ಲಂಕೆಯಲ್ಲಿ ಅಕ್ಕಿ, ಹಾಲುಪುಡಿ, ಸೀಮೆಎಣ್ಣೆ ಯಾವುದೂ ಸಿಗುತ್ತಿರಲಿಲ್ಲ. ಹಸಿದ ಮಗುವನ್ನು ಎತ್ತಿಕೊಂಡು ರಾತ್ರಿ ಕಡಲಿಗಿಳಿಯುವ ತಾಯಿ, ಆಚೆ ದಡದ ಕೋಣೆ ಎಷ್ಟು ಚದರಡಿ ಎಂದು ಕೇಳಿಕೊಂಡು ಇಳಿಯುತ್ತಾಳೆಯೆ?

ಎರಡನೆಯದು, ನಮ್ಮ ಬಡವರಿಗೇ ಮನೆಯಿಲ್ಲ, ಅವರಿಗೆ ಯಾಕೆ ಎಂಬುದು. ಈ ಮಾತಿನಲ್ಲಿ ನೋವಿದೆ, ಅದನ್ನು ಗೌರವಿಸುತ್ತೇನೆ. ಆದರೆ ಇದನ್ನು ಹೇಳುವವರಲ್ಲಿ ಹೆಚ್ಚಿನವರು ನಮ್ಮ ಬಡವರ ಮನೆಗಾಗಿ ತಾಲೂಕು ಕಚೇರಿಯ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿಲ್ಲ. ನಮ್ಮವನಿಗೆ ಮನೆ ಕೊಡದಿರಲು ಇವನು ಅಡ್ಡ ಬಂದಿಲ್ಲ. ಶಿಬಿರದವರ ಸೂರು ಸೋರುತ್ತಿದ್ದ ಆ ಮೂವತ್ತು ವರ್ಷಗಳಲ್ಲಿ ಉಳಿದ ದುಡ್ಡಿನಿಂದ ಯಾವ ಬಡವನಿಗೆ ಮನೆಯಾಯಿತು ಎಂದು ಯಾರಾದರೂ ತೋರಿಸಲಿ.

ಮೂರನೆಯದು ದೊಡ್ಡ ಆಕ್ಷೇಪ. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರನ್ನು ಕೊಂದ ಮೇಲೆ ಇವರನ್ನು ನಂಬುವುದು ಹೇಗೆ? ಆ ದಿನ ನಾನೂ ರೇಡಿಯೋದ ಮುಂದೆ ಕುಳಿತು ಸಿಟ್ಟಿನಿಂದ ಏನೇನೋ ಆಡಿದವನೇ. ಕೊಂದವರಿಗೆ ನ್ಯಾಯಾಲಯವಿತ್ತು, ವಿಚಾರಣೆ ನಡೆಯಿತು, ಶಿಕ್ಷೆಯಾಯಿತು. ಆದರೆ ಕೊಲ್ಲದವರಿಗೂ ಒಂದು ಶಿಕ್ಷೆಯಾಯಿತು, ಅದಕ್ಕೆ ವಿಚಾರಣೆ ನಡೆಯಲಿಲ್ಲ. ಸ್ವಯಂಸೇವಾ ಸಂಸ್ಥೆಗಳನ್ನು ಶಿಬಿರಗಳಿಂದ ದೂರವಿಟ್ಟರು. ಮಕ್ಕಳ ಓದಿಗೆ ಅಡ್ಡಿ ಬಂತು. 1992ರಿಂದ ಹಡಗು ಹತ್ತಿಸಿ ಹಿಂದೆ ಕಳಿಸತೊಡಗಿದರು. ಹಾಜರಿ ಕರೆಯುವುದು ಬಿಗಿಯಾಯಿತು. ಹಾಜರಿಯ ದಿನ ಇಲ್ಲದಿದ್ದರೆ ತಿಂಗಳ ಸಹಾಯಧನ ನಿಲ್ಲುತ್ತಿತ್ತು. ಮೂವತ್ತೊಂದು ವರ್ಷ ಹಾಜರಿ ಕರೆದ ನನಗೆ ಒಂದು ವಿಷಯ ಗೊತ್ತಿದೆ: ಮಕ್ಕಳ ಹಾಜರಿ ಕರೆಯುವುದು ಅವರು ಬರಲಿ ಎಂದು. ಇಲ್ಲಿ ಕರೆದದ್ದು ಎಲ್ಲೂ ಹೋಗದಿರಲಿ ಎಂದು.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ತಮಿಳುನಾಡು ದೋಣಿಗಳನ್ನು ಹಿಂದಕ್ಕೆ ತಳ್ಳಲಿಲ್ಲ. ಆಸ್ಟ್ರೇಲಿಯಾದಂಥ ಶ್ರೀಮಂತ ದೇಶ ದೋಣಿಯಲ್ಲಿ ಬಂದವರನ್ನು ನೌರು, ಮಾನುಸ್ ದ್ವೀಪಗಳಿಗೆ ಸಾಗಿಸಿ ಕೈತೊಳೆದುಕೊಂಡಿತು. ತಮಿಳುನಾಡು ಮಕ್ಕಳನ್ನು ತನ್ನ ಶಾಲೆಗೆ ಸೇರಿಸಿಕೊಂಡಿತು, ರೇಷನ್ ಕೊಟ್ಟಿತು. 2021ರ ಆಗಸ್ಟಿನಲ್ಲಿ ಅಂದಿನ ಮುಖ್ಯಮಂತ್ರಿ ಸ್ಟಾಲಿನ್ 317 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿದರು. ಅದರಲ್ಲಿ 7,469 ಮನೆಗಳನ್ನು ಹೊಸದಾಗಿ ಕಟ್ಟುವ ಮಾತಿತ್ತು. ಸಂಸಾರದ ಹಿರಿಯರಿಗೆ ತಿಂಗಳಿಗೆ 1,000 ಇದ್ದ ಸಹಾಯಧನ 1,500 ಆಯಿತು. 'ನಿರಾಶ್ರಿತರ ಶಿಬಿರ' ಎಂಬ ಹೆಸರು ತೆಗೆದು 'ಪುನರ್ವಸತಿ ಶಿಬಿರ' ಎಂದು ಕರೆದರು. ಹೊಸ ಮನೆಗಳ ಗೋಡೆ ಗಟ್ಟಿ, ಸೂರು ಗಟ್ಟಿ. ಇದನ್ನು ಮಾಡಿದವರಿಗೆ ನಮಸ್ಕಾರ. ಮೂವತ್ತೆಂಟು ವರ್ಷ ತಡವಾಯಿತು ಎಂಬುದನ್ನು ನಮಸ್ಕಾರದ ಜೊತೆಗೇ ಹೇಳಬೇಕು.

ಆದರೆ ಗೋಡೆ ಗಟ್ಟಿಯಾದ ಮಾತ್ರಕ್ಕೆ ಮನೆಯಾಗುವುದಿಲ್ಲ. ಬಾಂಗ್ಲಾದೇಶವನ್ನು ನೋಡಿ. ರೊಹಿಂಗ್ಯಾ ಜನರಿಗಾಗಿ ಅಲ್ಲಿನ ಸರ್ಕಾರ ಭಾಸನ್ ಚರ್ ಎಂಬ ದ್ವೀಪದಲ್ಲಿ ಒಂದು ಲಕ್ಷ ಜನಕ್ಕಾಗುವಷ್ಟು ಕಾಂಕ್ರೀಟು ವಸತಿ ಕಟ್ಟಿ, 2020ರ ಡಿಸೆಂಬರಿನಿಂದ ಜನರನ್ನು ಸಾಗಿಸಿತು. ನದಿಯ ಹೂಳಿನಿಂದ ಇಪ್ಪತ್ತು ವರ್ಷದೊಳಗೆ ಎದ್ದ ದ್ವೀಪ ಅದು. ಸಾಲು ಸಾಲು ಕೆಂಪು ಸೂರಿನ ಅಚ್ಚುಕಟ್ಟಾದ ಕಟ್ಟಡಗಳು, ಸುತ್ತಲೂ ಸಮುದ್ರ. ಅಲ್ಲಿಂದ ತಪ್ಪಿಸಿಕೊಂಡು ದೋಣಿ ಹತ್ತಿದವರಿದ್ದಾರೆ, ಮುಳುಗಿ ಸತ್ತವರೂ ಇದ್ದಾರೆ. ಹೊಸಿಲು ದಾಟಿ ದುಡಿಯಲು ಹೋಗುವ ಸ್ವಾತಂತ್ರ್ಯವಿಲ್ಲದ ಕಾಂಕ್ರೀಟಿಗೆ ಬೇರೆ ಹೆಸರಿದೆ.

ನಮ್ಮಲ್ಲಿ ಆ ಹೊಸಿಲನ್ನು ಕಾಯುತ್ತಿರುವುದು ಕಾನೂನು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದು ನಮ್ಮದೇ ಒಂದು ಕಾನೂನನ್ನೂ ಮಾಡಿಕೊಂಡಿಲ್ಲ. ಹೀಗಾಗಿ ಕೊಟ್ಟದ್ದೆಲ್ಲ ಆದೇಶದ ಮೇಲೆ ಕೊಟ್ಟ ದಯೆ, ಇನ್ನೊಂದು ಆದೇಶ ಬಂದರೆ ಇಲ್ಲ. ಪೌರತ್ವದ ಕಾಯಿದೆಯ ಪ್ರಕಾರ 1987ರ ಜುಲೈ 1ರ ನಂತರ ಇಲ್ಲಿ ಹುಟ್ಟಿದ ಮಗುವಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಅಕ್ಕನ ಮೊಮ್ಮಗಳು ಹುಟ್ಟಿದ ಊರು ಭಾರತ, ಕಂಡ ಊರು ಭಾರತ, ಆದರೆ ಅವಳು ಭಾರತದವಳಲ್ಲ. 2019ರ ತಿದ್ದುಪಡಿಯಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಅಫಘಾನಿಸ್ತಾನಗಳಿಂದ ಬಂದ ಹಿಂದೂಗಳಿಗೆ ದಾರಿ ಮಾಡಿದವರು, ಲಂಕೆಯಿಂದ ಬಂದ ಹಿಂದೂಗಳನ್ನು ಕಾಣಲೇ ಇಲ್ಲ. ಅದೇ ವರ್ಷ ಮದರಾಸು ಹೈಕೋರ್ಟಿನ ಮದುರೈ ಪೀಠ, ತಿರುಚ್ಚಿಯ ಶಿಬಿರಗಳಲ್ಲಿದ್ದ ಭಾರತೀಯ ಮೂಲದ ಕೆಲವರ ಪೌರತ್ವದ ಅರ್ಜಿಯನ್ನು ಪರಿಗಣಿಸಬೇಕೆಂದು ಹೇಳಿತು. 2025ರಲ್ಲಿ ಕೇಂದ್ರ ಸರ್ಕಾರ, 2015ರ ಜನವರಿ 9ರ ತನಕ ಬಂದು ನೋಂದಾಯಿಸಿಕೊಂಡ ಲಂಕಾ ತಮಿಳರಿಗೆ ಪಾಸ್‌ಪೋರ್ಟು, ವೀಸಾ ಇಲ್ಲದ್ದಕ್ಕಾಗಿ ಶಿಕ್ಷೆಯಿಂದ ವಿನಾಯಿತಿ ಕೊಟ್ಟಿತು. ಜೀವ ಉಳಿಸಿಕೊಳ್ಳಲು ಬಂದದ್ದಕ್ಕೆ ಕ್ಷಮೆ ಸಿಕ್ಕಿತು. ಬದುಕಲು ಜಾಗ ಇನ್ನೂ ಸಿಗಬೇಕು.

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಸಣ್ಣದು. ದೋಣಿ ದಡ ಮುಟ್ಟಿದ ಮೊದಲ ವಾರ ಡೇರೆಯೇ ಸಾಕು. ಒಣಬಟ್ಟೆ, ಗಂಜಿ, ವೈದ್ಯರು, ಹೆಂಗಸರಿಗೆ ಬಾಗಿಲಿರುವ ಕಕ್ಕಸು ಅಷ್ಟಿದ್ದರೆ ಯಾರೂ ದೂರುವುದಿಲ್ಲ. ಆದರೆ ಡೇರೆ ಹೊಡೆಯುವ ದಿನವೇ ಅದನ್ನು ಬಿಚ್ಚುವ ದಿನವನ್ನೂ ಕಡತದಲ್ಲಿ ಬರೆಯಬೇಕು. ಒಂದು ವರ್ಷದೊಳಗೆ, ತಲೆ ಎಣಿಸಿ ಅಲ್ಲ, ಸಂಸಾರ ಎಣಿಸಿ, ಮಕ್ಕಳು ದೊಡ್ಡವರಾಗುತ್ತಾರೆ ಎಂದು ನೆನಪಿಟ್ಟು ಮನೆ ಕಟ್ಟಬೇಕು. ಊರಿನಿಂದ ದೂರ ಬೇಲಿಯೊಳಗೆ ಬೇಡ, ಕೆಲಸ ಮತ್ತು ಬಸ್ಸು ಇರುವಲ್ಲಿ ಕಟ್ಟಬೇಕು. ಐದು ವರ್ಷವಾದರೂ ಊರಿಗೆ ಮರಳುವ ಕಾಲ ಬರದಿದ್ದರೆ ಆ ಮನೆಯ ಹಕ್ಕುಪತ್ರ ಅವರ ಕೈಗೆ ಕೊಡಬೇಕು. ಇಲ್ಲಿ ಹುಟ್ಟಿದ ಮಕ್ಕಳಿಗೆ ಪೌರತ್ವದ ಬಾಗಿಲು ತೆರೆಯಬೇಕು. ಹೋಗುವವರು ಹೋಗಲಿ, ಮನೆ ಊರಿನವರಿಗೆ ಉಳಿಯುತ್ತದೆ. ಉಳಿಯುತ್ತಾರೆ ಎಂದು ಯೋಜನೆ ಮಾಡಿ ಅವರು ಹೊರಟುಹೋದರೆ ಸರ್ಕಾರಕ್ಕೆ ನಷ್ಟ ಒಂದಷ್ಟು ಇಟ್ಟಿಗೆ. ಹೋಗುತ್ತಾರೆ ಎಂದು ಯೋಜನೆ ಮಾಡಿ ಅವರು ಉಳಿದುಬಿಟ್ಟರೆ ನಷ್ಟ ಮೂರು ತಲೆಮಾರು.

ನಮ್ಮೂರಿನ ಅಣ್ಣನಿಗೆ ಸಿಕ್ಕಿದ್ದೇನೂ ಸ್ವರ್ಗವಲ್ಲ. ಜಾತಿ ಪ್ರಮಾಣಪತ್ರಕ್ಕಾಗಿ ಆ ಜನ ಎಷ್ಟು ಕಚೇರಿ ಅಲೆದರು ಎಂಬುದನ್ನು ನಾನು ಬಲ್ಲೆ. ಒಂದು ಕಚೇರಿಯಲ್ಲಿ ಸಾಕ್ಷಿಗೆಂದು ಅವರ ಜೊತೆ ಅರ್ಧ ದಿನ ನಿಂತು ಬರಿಗೈಯಲ್ಲಿ ಬಂದಿದ್ದೇನೆ. ಆದರೂ ಅವರ ಹೆಸರು ಮತದಾರರ ಪಟ್ಟಿಯಲ್ಲಿದೆ. ಚುನಾವಣೆ ಬಂದಾಗ ಅವರ ಬಾಗಿಲಿಗೂ ಜನ ಬಂದು ಕೈಮುಗಿಯುತ್ತಾರೆ. ಅಕ್ಕನ ಬಾಗಿಲಿಗೆ ಬರುವವರು ಹಾಜರಿ ಪುಸ್ತಕದವರು ಮಾತ್ರ.

ಹಿಂದಿರುಗುವಾಗ ಬಸ್ಸಿನಲ್ಲಿ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಮದುರೈ ಬಂದಾಗ ಮೆಲ್ಲನೆ ಹೇಳಿದರು: 'ಅಪ್ಪ ಆ ಅರ್ಜಿಯಲ್ಲಿ ಅಕ್ಕನ ಹೆಸರನ್ನೂ ಬರೆಸಿದ್ದರೆ ಆಗುತ್ತಿತ್ತು ಮಾಷ್ಟ್ರೇ. ಮದುವೆ ಮಾಡಿಕೊಟ್ಟ ಹುಡುಗಿ ಅಂತ ಬಿಟ್ಟರು.' ಐವತ್ತು ವರ್ಷದಿಂದ ಈ ಮನುಷ್ಯ ತಪ್ಪನ್ನು ತನ್ನ ಮನೆಯೊಳಗೇ ಹುಡುಕುತ್ತಿದ್ದಾರೆ. ತಪ್ಪು ಅಲ್ಲಿಲ್ಲ ಅಣ್ಣ ಎಂದು ನಾನು ಹೇಳಿದೆ. ಎಲ್ಲಿದೆ ಎಂದು ಬಸ್ಸಿನಲ್ಲಿ ಹೇಳಿ ಮುಗಿಯುವ ಮಾತಾಗಿರಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.